ಜಪಾನಿನವರು ರೇಷ್ಮೆ ಬಿಟ್ಟದ್ದು ಯಾಕೆ, ನಿಮ್ಮಪ್ಪನಿಗೆ ನಷ್ಟ ಆದದ್ದು ಯಾಕೆ

ಪ್ರಶ್ನೆ: ನಾನು ಎಂ.ಎ. ಅರ್ಥಶಾಸ್ತ್ರದ ವಿದ್ಯಾರ್ಥಿನಿ, ಊರು ಚನ್ನಪಟ್ಟಣ ತಾಲ್ಲೂಕು. ಕ್ಲಾಸಿನಲ್ಲಿ ರಿಕಾರ್ಡೋನ ತುಲನಾತ್ಮಕ ವೆಚ್ಚ ಸಿದ್ಧಾಂತ ಮುಗಿಯಿತು. ವ್ಯಾಪಾರದಿಂದ ಎರಡೂ ದೇಶಗಳಿಗೆ ಲಾಭ ಅಂತ ಬರೆದುಕೊಂಡೆ. ಆದರೆ ನಮ್ಮದು ರೇಷ್ಮೆ ಬೆಳೆಯುವ ಮನೆ. 2011ರಲ್ಲಿ ಹೊರಗಿನ ರೇಷ್ಮೆಯ ಮೇಲಿನ ಸುಂಕ ಇಳಿದ ಮೇಲೆ ಗೂಡಿನ ಬೆಲೆ ಬಿದ್ದು ನಮ್ಮಪ್ಪ ಅರ್ಧ ತೋಟ ಕಿತ್ತು ಹಾಕಿದರು. ಚೀನಾದವರು ಎಲ್ಲದರಲ್ಲೂ ಮುಂದಿದ್ದರೆ ನಾವು ಮಾರುವುದೇನು? ಇಬ್ಬರಿಗೂ ಲಾಭ ಅನ್ನೋದು ನಿಜವಾದರೆ ನಮ್ಮಪ್ಪನಿಗೆ ಯಾಕೆ ನಷ್ಟವಾಯಿತು?

ಉತ್ತರ:

ನೀವು ಒಂದೇ ಉಸಿರಿಗೆ ಎರಡು ಪ್ರಶ್ನೆ ಕೇಳಿದ್ದೀರಿ. ಎಲ್ಲದರಲ್ಲೂ ಹಿಂದಿರುವವರು ಏನು ಮಾರುತ್ತಾರೆ ಅನ್ನೋದು ಒಂದು. ಬಂದ ಲಾಭ ಯಾರ ಕೈಗೆ ಸೇರುತ್ತದೆ ಅನ್ನೋದು ಇನ್ನೊಂದು. ಪಠ್ಯಪುಸ್ತಕಗಳು ಮೊದಲನೆಯದಕ್ಕೆ ಉತ್ತರ ಹೇಳಿ, ಎರಡನೆಯದಕ್ಕೂ ಹೇಳಿಯಾಯಿತು ಅನ್ನುವ ಹಾಗೆ ಪಾಠ ಮುಗಿಸಿಬಿಡುತ್ತವೆ. ನನಗೆ ಇದರ ಬಗ್ಗೆ ಬಹಳ ವರ್ಷಗಳಿಂದ ಬೇಸರ ಇದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಹುಳದ ಮನೆಯಿಂದಲೇ ಶುರು ಮಾಡೋಣ. ಹುಳ ಹಣ್ಣಾಗುವ ದಿನ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಒಂದಷ್ಟು ಹುಳ ಹಣ್ಣಾಗಿವೆ, ಅಂದರೆ ಗೂಡು ಕಟ್ಟಲು ತಯಾರಾಗಿವೆ, ಅವನ್ನು ಆರಿಸಿ ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟಿಗೆ) ಬಿಡಬೇಕು. ಉಳಿದವು ಇನ್ನೂ ಮೇಯುತ್ತಿವೆ, ಅವಕ್ಕೆ ಸೊಪ್ಪು ತರಬೇಕು. ಮನೆಯಲ್ಲಿ ಇರುವುದು ನೀವು, ನಿಮ್ಮಮ್ಮ ಇಬ್ಬರೇ ಅಂತ ಇಟ್ಟುಕೊಳ್ಳಿ. ಅಮ್ಮ ಗಂಟೆಗೆ 1200 ಹುಳ ಆರಿಸುತ್ತಾರೆ, ನೀವು 300. ಸೊಪ್ಪು ಕೊಯ್ಯುವುದರಲ್ಲೂ ಅಮ್ಮನೇ ಚುರುಕು: ಅವರು ಗಂಟೆಗೆ 30 ಕೆಜಿ, ನೀವು 20. ಎರಡು ಕೆಲಸದಲ್ಲೂ ನೀವು ಹಿಂದೆ. ಹಾಗಂತ ನೀವು ಸುಮ್ನೆ ಕೂತುಕೊಳ್ಳುತ್ತೀರಾ? ಇಲ್ಲ. ಇಬ್ಬರಿಗೂ ನಾಲ್ಕು ಗಂಟೆ ಇದೆ, 60 ಕೆಜಿ ಸೊಪ್ಪು ಬೇಕೇ ಬೇಕು. ಅಮ್ಮನೇ ಎರಡು ಗಂಟೆ ಸೊಪ್ಪು ಕೊಯ್ದು ಆಮೇಲೆ ಎರಡು ಗಂಟೆ ಹುಳ ಆರಿಸಿದರೆ 2400 ಹುಳ, ನೀವು ನಾಲ್ಕೂ ಗಂಟೆ ಆರಿಸಿದರೆ 1200, ಒಟ್ಟು 3600. ಅದರ ಬದಲು ನೀವು ಮೂರು ಗಂಟೆ ಸೊಪ್ಪು ಕೊಯ್ದು ಕೊನೆಯ ಒಂದು ಗಂಟೆ ಹುಳ ಆರಿಸಿದರೆ 300, ಅಮ್ಮ ಚಂದ್ರಿಕೆ ಬಿಟ್ಟು ಏಳದಿದ್ದರೆ 4800, ಒಟ್ಟು 5100. ಅದೇ ಸೊಪ್ಪು, ಅದೇ ಎಂಟು ಗಂಟೆ ಕೆಲಸ, 1500 ಹುಳ ಜಾಸ್ತಿ.

ಇದು ಹೇಗಾಯಿತು? ಅಮ್ಮ ಒಂದು ಕೆಜಿ ಸೊಪ್ಪು ಕೊಯ್ಯಲು ಹೋದರೆ 40 ಹುಳ ಆರಿಸುವ ಕೆಲಸ ತಪ್ಪಿಹೋಗುತ್ತದೆ. ನೀವು ಹೋದರೆ 15 ಹುಳದ ಕೆಲಸ ಮಾತ್ರ ತಪ್ಪುತ್ತದೆ. ಅಂದರೆ ಆ ಮನೆಯಲ್ಲಿ ಸೊಪ್ಪು ಅಗ್ಗವಾಗಿ ಸಿಗುವುದು ನಿಮ್ಮ ಕೈಯಿಂದ. ಚುರುಕು ಕಮ್ಮಿ ಇದ್ದರೂ ಅಗ್ಗ. ಅರ್ಥಶಾಸ್ತ್ರದಲ್ಲಿ ವೆಚ್ಚ ಅಂದರೆ ಒಂದನ್ನು ಪಡೆಯುವಾಗ ಕೈಬಿಟ್ಟ ಇನ್ನೊಂದು. ಅದನ್ನೇ ಅವಕಾಶ ವೆಚ್ಚ ಅನ್ನುವುದು. ಯಾರ ಅವಕಾಶ ವೆಚ್ಚ ಕಮ್ಮಿಯೋ ಅವರಿಗೆ ಆ ಕೆಲಸದಲ್ಲಿ ತುಲನಾತ್ಮಕ ಅನುಕೂಲ ಇದೆ ಅನ್ನುತ್ತಾರೆ. ಈ ಮಾತು ತಲೆಗೆ ಹೋದರೆ ಸಿದ್ಧಾಂತದ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಆಡಂ ಸ್ಮಿತ್ 1776ರಲ್ಲಿ ಬರೆದಾಗ ಇಷ್ಟು ದೂರ ಬಂದಿರಲಿಲ್ಲ. ಹೊರಗೆ ಅಗ್ಗಕ್ಕೆ ಸಿಗುವುದನ್ನು ಮನೆಯಲ್ಲಿ ದುಬಾರಿಗೆ ಮಾಡಬೇಡಿ ಅನ್ನುವುದು ಅವನ ಮಾತು. ಸ್ಕಾಟ್ಲೆಂಡಿನಲ್ಲೂ ಗಾಜಿನ ಮನೆ ಕಟ್ಟಿ ದ್ರಾಕ್ಷಿ ಬೆಳೆದು ವೈನ್ ಮಾಡಬಹುದು, ಆದರೆ ಮೂವತ್ತು ಪಟ್ಟು ಖರ್ಚು ಬೀಳುತ್ತದೆ ಅಂತ ಉದಾಹರಣೆ ಕೊಟ್ಟ. ಒಬ್ಬರು ಒಂದರಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ ಮುಂದಿದ್ದರೆ ಇದು ಸಾಕು. ಒಬ್ಬರೇ ಎರಡರಲ್ಲೂ ಮುಂದಿದ್ದರೆ? ಆ ಪ್ರಶ್ನೆಯನ್ನು ಹಿಡಿದದ್ದು ಡೇವಿಡ್ ರಿಕಾರ್ಡೋ, 1817ರಲ್ಲಿ.

ರಿಕಾರ್ಡೋನ ನಾಲ್ಕು ಸಂಖ್ಯೆಗಳು ನಿಮ್ಮ ನೋಟ್ಸಿನಲ್ಲಿ ಇರುತ್ತವೆ. ಇಂಗ್ಲೆಂಡಿನಲ್ಲಿ ಒಂದಷ್ಟು ಬಟ್ಟೆ ಮಾಡಲು 100 ಜನರ ಒಂದು ವರ್ಷದ ದುಡಿಮೆ ಬೇಕು, ಒಂದಷ್ಟು ವೈನ್ ಮಾಡಲು 120. ಪೋರ್ಚುಗಲ್‌ನಲ್ಲಿ ಬಟ್ಟೆಗೆ 90, ವೈನಿಗೆ 80. ಗಮನಿಸಿದಿರಾ, ತನ್ನ ದೇಶವಾದ ಇಂಗ್ಲೆಂಡನ್ನೇ ಅವನು ಎರಡರಲ್ಲೂ ಹಿಂದಿಟ್ಟಿದ್ದಾನೆ. ಇಂಗ್ಲೆಂಡು 100 ಜನರಿಂದ ಬಟ್ಟೆ ಮಾಡಿಸಿ ಅದನ್ನು ಕೊಟ್ಟು ವೈನ್ ತಂದರೆ, 120 ಜನರ ಕೆಲಸದ ವೈನು 100 ಜನರ ಕೆಲಸಕ್ಕೇ ಸಿಕ್ಕಿತು. ಪೋರ್ಚುಗಲ್‌ಗೆ 90 ಜನರ ಕೆಲಸದ ಬಟ್ಟೆ 80 ಜನರ ಕೆಲಸಕ್ಕೇ ಸಿಕ್ಕಿತು. ಅಲ್ಲಿ 20, ಇಲ್ಲಿ 10. ನಿಮ್ಮ ಹುಳದ ಮನೆಯ ಲೆಕ್ಕವೇ ಇದು.

ಈಗ ನಿಮ್ಮ ಮೊದಲ ಪ್ರಶ್ನೆ. ಪೋರ್ಚುಗಲ್ ಎರಡರಲ್ಲೂ ಮುಂದಿದ್ದರೆ ವರ್ತಕರು ಎರಡನ್ನೂ ಪೋರ್ಚುಗಲ್‌ನಲ್ಲೇ ಕೊಳ್ಳಬೇಕಿತ್ತು, ಅಲ್ವಾ? ಇಲ್ಲಿಯೇ ಜಾಸ್ತಿ ಜನ ಎಡವುತ್ತಾರೆ. ವರ್ತಕನು ನೋಡುವುದು ಬೆಲೆಯನ್ನು. ಬೆಲೆಯೊಳಗೆ ಕೂಲಿ ಇದೆ. ಇಂಗ್ಲೆಂಡಿನ ಕೂಲಿ ಪೋರ್ಚುಗಲ್ ಕೂಲಿಯ ಶೇ 90ಕ್ಕಿಂತ ಕಮ್ಮಿ ಇದ್ದರೆ ಇಂಗ್ಲೆಂಡಿನ ಬಟ್ಟೆ ಅಗ್ಗ. ಶೇ 67ಕ್ಕಿಂತ ಜಾಸ್ತಿ ಇದ್ದರೆ ಪೋರ್ಚುಗಲ್‌ನ ವೈನ್ ಅಗ್ಗ. ಈ ಎರಡರ ನಡುವೆ ಕೂಲಿ ಬಂದು ನಿಂತರೆ ಎರಡೂ ಕಡೆಯವರಿಗೆ ಮಾರಲು ಒಂದೊಂದು ಸರಕು ಇರುತ್ತದೆ. ಅದಕ್ಕಿಂತ ಮೇಲೆ ಇದ್ದರೆ? ಎಲ್ಲರೂ ಪೋರ್ಚುಗಲ್ ಸರಕನ್ನೇ ಕೊಳ್ಳುತ್ತಾರೆ, ಇಂಗ್ಲೆಂಡಿನ ಚಿನ್ನ ಬೆಳ್ಳಿ ಅಲ್ಲಿಗೆ ಹರಿಯುತ್ತದೆ, ಅಲ್ಲಿ ಬೆಲೆ ಮತ್ತು ಕೂಲಿ ಏರುತ್ತವೆ, ಇಲ್ಲಿ ಇಳಿಯುತ್ತವೆ. ಇವತ್ತು ಚಿನ್ನದ ಜಾಗದಲ್ಲಿ ವಿನಿಮಯ ದರ ಇದೆ. ರೂಪಾಯಿ ಇಳಿದರೆ ನಮ್ಮ ಸರಕು ಹೊರಗಿನವರಿಗೆ ಅಗ್ಗವಾಗುತ್ತದೆ.

ಹಾಗಾಗಿ ಚೀನಾದವರು ಎಲ್ಲದರಲ್ಲೂ ಮುಂದಿದ್ದರೂ ನಮಗೆ ಮಾರಲು ಏನಾದರೂ ಇದ್ದೇ ಇರುತ್ತದೆ. ಚೀನಾಕ್ಕೇ ಮಾರಬೇಕು ಅಂತ ಇಲ್ಲ. 2024-25ರಲ್ಲಿ ಚೀನಾದ ಜೊತೆ ನಮ್ಮ ವ್ಯಾಪಾರದ ಕೊರತೆ ಸುಮಾರು 99 ಬಿಲಿಯನ್ ಡಾಲರ್. ದೊಡ್ಡ ಮೊತ್ತ. ಆದರೆ ಅಮೆರಿಕದ ಜೊತೆ ನಮಗೆ ಮಿಗತೆ ಇದೆ, ಬೆಂಗಳೂರಿನಿಂದ ಹೋಗುವ ಸಾಫ್ಟ್‌ವೇರ್ ಸೇವೆಯಲ್ಲಂತೂ ಬಹಳ ಇದೆ. ನೀವು ದಿನಸಿ ಅಂಗಡಿಯವರಿಗೆ ವರ್ಷವಿಡೀ ದುಡ್ಡು ಕೊಡುತ್ತೀರಿ, ಅವರು ನಿಮ್ಮ ಗೂಡು ಕೊಳ್ಳುವುದಿಲ್ಲ. ಅದರಿಂದ ನೀವು ಅವರಿಗೆ ಸೋತಿರಿ ಅಂತ ಆಗುವುದಿಲ್ಲ. ಒಂದೇ ದೇಶದ ಮೇಲೆ ಔಷಧದ ಕಚ್ಚಾವಸ್ತುವಿಗೋ ಬಿಡಿಭಾಗಕ್ಕೋ ಪೂರ್ತಿ ನೇತುಬಿದ್ದರೆ ಅದು ನಿಜವಾದ ಚಿಂತೆ. ಆ ಚಿಂತೆ ಬೇರೆ, ಕೊರತೆಯ ಲೆಕ್ಕ ಬೇರೆ.

ಮೇಲಿನ ಕೂಲಿಯ ಲೆಕ್ಕದಲ್ಲಿ ಒಂದು ಕಹಿ ಸತ್ಯವೂ ಇದೆ, ಅದನ್ನು ಮುಚ್ಚಿಡಬಾರದು. ಎಲ್ಲದರಲ್ಲೂ ಹಿಂದಿರುವ ದೇಶ ವ್ಯಾಪಾರ ಮಾಡಬಹುದು, ಲಾಭವನ್ನೂ ಪಡೆಯಬಹುದು, ಆದರೆ ಅದರ ಕೂಲಿ ಕಮ್ಮಿಯೇ ಇರುತ್ತದೆ. ಇಂಗ್ಲೆಂಡಿನ ಕೂಲಿ ಪೋರ್ಚುಗಲ್ ಕೂಲಿಯನ್ನು ಮುಟ್ಟಲು ಆ ಲೆಕ್ಕದಲ್ಲಿ ದಾರಿಯೇ ಇಲ್ಲ. ಕೂಲಿ ಮೇಲೇರಬೇಕಾದರೆ ಗಂಟೆಗೆ ಆರಿಸುವ ಹುಳ ಜಾಸ್ತಿಯಾಗಬೇಕು. ಕೆಲಸದ ಹಂಚಿಕೆಯನ್ನು ವ್ಯಾಪಾರ ಸರಿ ಮಾಡುತ್ತದೆ. ಕೈ ಚುರುಕಾಗುವುದು ಓದು, ಯಂತ್ರ, ರಸ್ತೆ, ಕರೆಂಟು ಇವುಗಳಿಂದ.

ಇದೆಲ್ಲ ಕಾಗದದ ಮೇಲಿನ ಲೆಕ್ಕ, ನಿಜ ಜೀವನದಲ್ಲಿ ಪರೀಕ್ಷೆ ಆಗಿದೆಯಾ ಅಂತ ಕೇಳಬಹುದು. ಆಗಿದೆ, ಅದೂ ರೇಷ್ಮೆಯ ಊರಿನಲ್ಲೇ. ಜಪಾನು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹೊರಗಿನ ವ್ಯಾಪಾರಕ್ಕೆ ಬಾಗಿಲು ಹಾಕಿಕೊಂಡಿತ್ತು. ಡಚ್ಚರು, ಚೀನೀಯರು, ಇನ್ನು ಕೆಲವರ ಜೊತೆ ಸ್ವಲ್ಪ ನಡೆಯುತ್ತಿತ್ತು ಅಷ್ಟೆ. 1853ರಲ್ಲಿ ಅಮೆರಿಕದ ಹಡಗುಗಳು ಬಂದು ಬೆದರಿಸಿದವು. 1859ರಲ್ಲಿ ಯೊಕೊಹಾಮಾ ಬಂದರು ತೆರೆಯಿತು. ಒಪ್ಪಂದಗಳ ಕಾರಣದಿಂದ ಜಪಾನು ದೊಡ್ಡ ಸುಂಕ ಹಾಕುವ ಹಾಗೂ ಇರಲಿಲ್ಲ. ಮುಚ್ಚಿದ ದೇಶ ಕೆಲವೇ ವರ್ಷಗಳಲ್ಲಿ ತೆರೆದ ದೇಶವಾಯಿತು. ಇಂಥ ಪ್ರಯೋಗ ಇತಿಹಾಸದಲ್ಲಿ ಮತ್ತೆ ಸಿಗುವುದು ಕಷ್ಟ.

ಡೇನಿಯಲ್ ಬರ್ನ್‌ಹೋಫನ್ ಮತ್ತು ಜಾನ್ ಬ್ರೌನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಬಾಗಿಲು ತೆರೆಯುವ ಮೊದಲಿನ ಬೆಲೆಗಳನ್ನೂ ಆಮೇಲಿನ ಆಮದು ರಫ್ತುಗಳನ್ನೂ ಹುಡುಕಿ ಒಂದಕ್ಕೊಂದು ಹೊಂದಿಸಿ ನೋಡಿದರು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಿದ್ಧಾಂತ ಹೇಳಿದ ಹಾಗೆಯೇ ನಡೆದಿತ್ತು. ಹೊರಗಿಗಿಂತ ಒಳಗೆ ಅಗ್ಗವಾಗಿದ್ದ ರೇಷ್ಮೆ, ರೇಷ್ಮೆ ಮೊಟ್ಟೆ, ಟೀ ಹೊರಗೆ ಹೋದವು. ಹತ್ತಿಯ ಮತ್ತು ಉಣ್ಣೆಯ ಬಟ್ಟೆ, ಸಕ್ಕರೆ ಒಳಗೆ ಬಂದವು. ಯುರೋಪಿನ ರೇಷ್ಮೆ ಹುಳಕ್ಕೆ ಪೆಬ್ರಿನ್ ರೋಗ ಬಡಿದಿದ್ದ ಕಾಲ ಅದು. (ಲೂಯಿ ಪಾಶ್ಚರ್ ಕೂಡ 1865ರಿಂದ ಅದರ ಹಿಂದೆ ಬಿದ್ದಿದ್ದ. ಇವತ್ತು ನಮ್ಮ ಮೊಟ್ಟೆ ಕೇಂದ್ರಗಳಲ್ಲಿ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡುವುದು ಆಗ ಶುರುವಾದ ಪದ್ಧತಿ.) ಆ ಅವಕಾಶ ಜಪಾನಿಗೆ ಒದಗಿತು. ಇವೇ ಇಬ್ಬರ ಇನ್ನೊಂದು ಲೆಕ್ಕದ ಪ್ರಕಾರ ಬಾಗಿಲು ತೆರೆದದ್ದರಿಂದ ಜಪಾನಿಗೆ ಆದ ಲಾಭ, ಹೆಚ್ಚೆಂದರೆ, ಅದರ ರಾಷ್ಟ್ರೀಯ ಉತ್ಪನ್ನದ ಶೇ 8ರಿಂದ 9. ಚಿಕ್ಕದೇನಲ್ಲ. ಆದರೆ ಕೆಲವರು ಹೇಳುವ ಹಾಗೆ ಬಡ ದೇಶವನ್ನು ರಾತ್ರೋರಾತ್ರಿ ಶ್ರೀಮಂತ ಮಾಡುವಷ್ಟು ದೊಡ್ಡದೂ ಅಲ್ಲ.

ಈ ಕಥೆಯಲ್ಲೂ ನಿಮ್ಮಪ್ಪನಂಥವರು ಇದ್ದರು. ಜಪಾನಿನ ಹತ್ತಿ ಬೆಳೆಗಾರರು. ರೇಷ್ಮೆ ಬೆಳೆಯುವ ಊರುಗಳಲ್ಲಿ ಬೆಲೆ ಏರಿತು, ಹತ್ತಿ ಬೆಳೆಯುವ ಊರುಗಳಲ್ಲಿ ತೋಟ ಹೋಯಿತು. ಮುಂದೆ ಜಪಾನಿನ ನೂಲಿನ ಗಿರಣಿಗಳಿಗೆ ಹತ್ತಿ ಹೋದದ್ದು ನಮ್ಮ ಮುಂಬಯಿಯಿಂದ. 1893ರಲ್ಲಿ ಜಮ್‌ಷೆಟ್‌ಜಿ ಟಾಟಾ ಜಪಾನಿನ ಹಡಗು ಕಂಪನಿಯ ಜೊತೆ ಸೇರಿ ಆ ದಾರಿ ತೆರೆಸಿದರು. ಅದೇ ಟಾಟಾ ಕೆಲವು ವರ್ಷಗಳಲ್ಲಿ ಬೆಂಗಳೂರಿನ ಬಸವನಗುಡಿ ಪಕ್ಕದಲ್ಲಿ ಜಪಾನಿ ಪದ್ಧತಿಯ ರೇಷ್ಮೆ ಫಾರ್ಮ್ ಶುರು ಮಾಡಿದರು. ಟಾಟಾ ಸಿಲ್ಕ್ ಫಾರ್ಮ್ ಅನ್ನುವ ಬಡಾವಣೆಯ ಹೆಸರು ಇವತ್ತಿಗೂ ಉಳಿದಿದೆ.

ಮುಂದಿನ ಭಾಗ ನನಗೆ ಬಹಳ ಇಷ್ಟ. 1930ರ ಹೊತ್ತಿಗೆ ಜಪಾನಿನಲ್ಲಿ ಸುಮಾರು 22 ಲಕ್ಷ ರೈತ ಕುಟುಂಬಗಳು ರೇಷ್ಮೆ ಹುಳ ಸಾಕುತ್ತಿದ್ದವು, ಅಂದರೆ ಐದು ರೈತ ಮನೆಗಳಲ್ಲಿ ಎರಡು. ಜಗತ್ತಿನಲ್ಲೇ ದೊಡ್ಡ ರಫ್ತುದಾರ ಜಪಾನು. ಇವತ್ತು ಅಂಥ ಮನೆಗಳು ನೂರರ ಲೆಕ್ಕಕ್ಕೆ ಇಳಿದಿವೆ. ನೈಲಾನ್ ಬಂತು, ಯುದ್ಧ ಬಂತು, ಅದೆಲ್ಲ ನಿಜ. ಆದರೆ ಯುದ್ಧದ ನಂತರವೂ ಅವರ ಹುಳದ ತಳಿ, ಅವರ ನೂಲು, ಅವರ ಯಂತ್ರ ಯಾರಿಗೂ ಕಮ್ಮಿ ಇರಲಿಲ್ಲ. ಮತ್ತೆ ಯಾಕೆ ಬಿಟ್ಟರು? ಆ ರೈತನ ಮಗಳು ಟಿವಿ ಕಾರ್ಖಾನೆಯಲ್ಲಿ, ಮಗ ಕಾರಿನ ಕಾರ್ಖಾನೆಯಲ್ಲಿ ಒಂದು ಗಂಟೆಗೆ ದುಡಿಯುವುದು ಹುಳದ ಮನೆಯ ಗಂಟೆಗಿಂತ ಎಷ್ಟೋ ಪಟ್ಟು ಆಗಿತ್ತು. ಹುಳ ಸಾಕುವ ಕೈ ಚುರುಕಾಗಿಯೇ ಇತ್ತು. ಹುಳಕ್ಕೋಸ್ಕರ ಕೈಬಿಡಬೇಕಾದ ದುಡಿಮೆ ದೊಡ್ಡದಾಯಿತು. ನಿಮ್ಮಮ್ಮ ಸೊಪ್ಪಿನ ಕೆಲಸ ಬಿಟ್ಟ ಹಾಗೆ ಜಪಾನು ರೇಷ್ಮೆ ಬಿಟ್ಟಿತು.

ಬಿಟ್ಟವರು ಸುಮ್ಮನೆ ಬಿಡಲಿಲ್ಲ. 1991ರಿಂದ 2007ರವರೆಗೆ ಜಪಾನಿನ ಸಹಕಾರ ಸಂಸ್ಥೆ ಜೈಕಾದ ತಜ್ಞರು ಕೇಂದ್ರ ರೇಷ್ಮೆ ಮಂಡಳಿಯ ಜೊತೆ ಸೇರಿ ನಮ್ಮಲ್ಲಿ ದ್ವಿತಳಿ ರೇಷ್ಮೆ (ವರ್ಷಕ್ಕೆ ಎರಡು ಪೀಳಿಗೆ ಬರುವ, ಒಳ್ಳೆಯ ನೂಲು ಕೊಡುವ ಹುಳದ್ದು) ಬೆಳೆಯುವುದನ್ನು ಬೇರೂರಿಸಿದರು. ಮೈಸೂರಿನ ರೇಷ್ಮೆ ಸಂಶೋಧನಾ ಕೇಂದ್ರದ ಸಿಎಸ್‌ಆರ್ ತಳಿಗಳು ಆ ಕಾಲದ ಫಲ. ನಿಮ್ಮ ಹುಳದ ಮನೆ ವಾಸದ ಮನೆಯಿಂದ ಬೇರೆಯಾಗಿ ಇದ್ದರೆ, ಚಾಕಿ ಹುಳವನ್ನು, ಅಂದರೆ ಎಳೆಯ ಹುಳವನ್ನು, ಚಾಕಿ ಕೇಂದ್ರದಿಂದ ತರುತ್ತಿದ್ದರೆ, ಆ ಪದ್ಧತಿಗಳು ಹಳ್ಳಿಗಳಲ್ಲಿ ಹರಡಿದ್ದರಲ್ಲೂ ಆ ಕೆಲಸದ ಪಾಲಿದೆ. ರೇಷ್ಮೆಯಲ್ಲಿ ನಮಗಿಂತ ಮುಂದಿದ್ದ ದೇಶವೇ ನಮಗೆ ರೇಷ್ಮೆ ಕಲಿಸಿ ತಾನು ಹೊರಗೆ ನಡೆಯಿತು. ತುಲನಾತ್ಮಕ ಅನುಕೂಲಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಚೀನಾದ ಒಳಗೂ ಇದೇ ನಡೆಯಿತು. ಹಿಂದೆ ರೇಷ್ಮೆ ಅಂದರೆ ಜೆಜಿಯಾಂಗ್, ಜಿಯಾಂಗ್ಸು ಪ್ರಾಂತ್ಯಗಳು. ಅಲ್ಲಿ ಕಾರ್ಖಾನೆ ಕೂಲಿ ಏರಿದ ಹಾಗೆ ಹಿಪ್ಪುನೇರಳೆ ತೋಟ ದಕ್ಷಿಣದ ಗುವಾಂಗ್ಸಿಗೆ ಸರಿಯಿತು. ಈಗ ಚೀನಾದಲ್ಲಿ ಅತಿ ಹೆಚ್ಚು ಗೂಡು ಬರುವುದು ಅಲ್ಲಿಂದ.

ಪರೀಕ್ಷೆಗೆ ಬೇಕಾದ ಉಳಿದ ಹೆಸರುಗಳನ್ನು ಬೇಗ ಹೇಳಿಬಿಡುತ್ತೇನೆ. ರಿಕಾರ್ಡೋ ದೇಶದ ಅನುಕೂಲ ಎಲ್ಲಿಂದ ಬಂತು ಅಂತ ಹೇಳಲಿಲ್ಲ, ಇದೆ ಅಂದುಕೊಂಡು ಮುಂದೆ ಹೋದ. ಸ್ವೀಡನ್ನಿನ ಎಲಿ ಹೆಕ್ಷರ್ 1919ರಲ್ಲಿ, ಅವರ ಶಿಷ್ಯ ಬರ್ಟಿಲ್ ಓಲಿನ್ 1933ರಲ್ಲಿ ಅದಕ್ಕೆ ಉತ್ತರ ಕೊಟ್ಟರು: ಯಾವ ದೇಶದಲ್ಲಿ ಯಾವುದು ಹೇರಳವೋ, ಅಂದರೆ ಭೂಮಿ, ಜನ, ಬಂಡವಾಳ ಇವುಗಳಲ್ಲಿ ಒಂದು, ಅದನ್ನು ಜಾಸ್ತಿ ಬಳಸುವ ಸರಕು ಅಲ್ಲಿ ಅಗ್ಗ. 1953ರಲ್ಲಿ ವಾಸಿಲಿ ಲಿಯಾಂಟೀಫ್ ಅಮೆರಿಕದ ಅಂಕಿಗಳನ್ನು ಹಾಕಿ ನೋಡಿದರೆ ಲೆಕ್ಕ ತಿರುಗಾಮುರುಗಾ ಬಂತು. ಬಂಡವಾಳ ತುಂಬಿದ ಅಮೆರಿಕ ದುಡಿಮೆ ಜಾಸ್ತಿ ಬೇಕಾದ ಸರಕನ್ನೇ ರಫ್ತು ಮಾಡುತ್ತಿತ್ತು. ಎಲ್ಲ ದುಡಿಮೆಯೂ ಒಂದೇ ಅಲ್ಲ, ಓದಿದ ಕೈ ಬೇರೆ, ಪಳಗಿದ ಕೈ ಬೇರೆ ಅನ್ನುವ ಅರಿವು ಆಮೇಲೆ ಬೆಳೆಯಿತು.

ಪಾಲ್ ಕ್ರುಗ್‌ಮನ್ 1979ರಲ್ಲಿ ಇನ್ನೊಂದು ತುದಿಯಿಂದ ಬಂದರು. ಜರ್ಮನಿ ಫ್ರಾನ್ಸಿಗೆ ಕಾರು ಮಾರುತ್ತದೆ, ಫ್ರಾನ್ಸ್ ಜರ್ಮನಿಗೆ ಕಾರು ಮಾರುತ್ತದೆ. ಎರಡೂ ಒಂದೇ ಥರದ ದೇಶ. ಇಲ್ಲಿ ರಿಕಾರ್ಡೋನ ಲೆಕ್ಕ ಏನು ಹೇಳಬೇಕು? ಅವರ ಉತ್ತರ: ಹೆಚ್ಚು ಮಾಡಿದಷ್ಟೂ ಒಂದೊಂದರ ಖರ್ಚು ಇಳಿಯುತ್ತದೆ, ಕೊಳ್ಳುವವರಿಗೆ ಬಗೆಬಗೆಯದು ಬೇಕು, ಹಾಗಾಗಿ ಒಬ್ಬೊಬ್ಬರು ಒಂದೊಂದು ಬಗೆ ಹಿಡಿದು ದೊಡ್ಡದಾಗಿ ಮಾಡುತ್ತಾರೆ. ಎಲ್ಲಿ ಮೊದಲು ಬೀಡುಬಿಟ್ಟರೋ ಅಲ್ಲೇ ಗಟ್ಟಿಯಾಗುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಯನ್ನೇ ನೋಡಿ. ಆಂಧ್ರ, ತಮಿಳುನಾಡು ಕಡೆಯ ರೈತರೂ ಅಲ್ಲಿಗೆ ಗೂಡು ತರುತ್ತಾರೆ. ಯಾಕೆಂದರೆ ಕೊಳ್ಳುವ ರೀಲರ್‌ಗಳು, ಅಂದರೆ ಗೂಡಿನಿಂದ ನೂಲು ಬಿಚ್ಚುವವರು, ಅಲ್ಲಿದ್ದಾರೆ. ರೀಲರ್‌ಗಳು ಯಾಕೆ ಅಲ್ಲಿದ್ದಾರೆ ಅಂದರೆ ಗೂಡು ಅಲ್ಲಿಗೆ ಬರುತ್ತದೆ. ಈ ವಿವರಣೆಗೆ 2008ರಲ್ಲಿ ಕ್ರುಗ್‌ಮನ್‌ಗೆ ನೊಬೆಲ್ ಬಂತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನಿಮ್ಮಪ್ಪನದು.

ರಿಕಾರ್ಡೋನ ಪುಸ್ತಕದಲ್ಲಿ ಆ ಬಟ್ಟೆ-ವೈನಿನ ಲೆಕ್ಕ ಇರುವುದು ಒಂದು ಅಧ್ಯಾಯದಲ್ಲಿ, ಕೆಲವೇ ಸಾಲುಗಳಲ್ಲಿ. ಅದೇ ಪುಸ್ತಕದ ಮುನ್ನುಡಿಯಲ್ಲಿ ಅವನು ಹೇಳುವುದು ಬೇರೆ: ಭೂಮಿಯಿಂದ ಬಂದದ್ದು ಜಮೀನುದಾರ, ಬಂಡವಾಳ ಹಾಕಿದವ, ದುಡಿಯುವವ ಈ ಮೂವರ ನಡುವೆ ಹೇಗೆ ಹಂಚಿಹೋಗುತ್ತದೆ ಅನ್ನುವುದೇ ಈ ಶಾಸ್ತ್ರದ ಮುಖ್ಯ ಪ್ರಶ್ನೆ. ಅಂದರೆ ನಿಮ್ಮ ಪ್ರಶ್ನೆಯೇ ಅವನಿಗೆ ಮುಖ್ಯ ಪ್ರಶ್ನೆಯಾಗಿತ್ತು. ಸುಮ್ನೆ ಹುಟ್ಟಿದ ಪ್ರಶ್ನೆಯೂ ಅಲ್ಲ. 1815ರಲ್ಲಿ ಬ್ರಿಟನ್ ಒಂದು ಕಾನೂನು ಮಾಡಿತ್ತು. ಗೋಧಿ ಬೆಲೆ ಒಂದು ಅಳತೆಗೆ 80 ಷಿಲ್ಲಿಂಗ್ ಮುಟ್ಟುವ ತನಕ ಹೊರಗಿನ ಗೋಧಿಗೆ ಮಾರುಕಟ್ಟೆಯಲ್ಲಿ ಜಾಗ ಇಲ್ಲ. ಬ್ರೆಡ್ ದುಬಾರಿಯಾಯಿತು, ಜಮೀನುದಾರರ ಗೇಣಿ ಉಬ್ಬಿತು. ರಿಕಾರ್ಡೋ ಷೇರುಪೇಟೆಯಲ್ಲಿ ದುಡ್ಡು ಮಾಡಿ ದೊಡ್ಡ ಜಮೀನು ಕೊಂಡಿದ್ದವನು. ಆ ಕಾನೂನಿನಿಂದ ಅವನಿಗೇ ಲಾಭ. ಆದರೂ ಅದರ ವಿರುದ್ಧ ಬರೆದ, ಸಂಸತ್ತಿನಲ್ಲೂ ಮಾತಾಡಿದ. ಅವನು ತೀರಿಕೊಂಡದ್ದು 1823ರಲ್ಲಿ, ಕಾನೂನು ಹೋದದ್ದು 1846ರಲ್ಲಿ. ಬಾಗಿಲು ತೆರೆದರೆ ಯಾರು ಗೆಲ್ಲುತ್ತಾರೆ, ಯಾರು ಸೋಲುತ್ತಾರೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ದೇಶಕ್ಕೆ ಲಾಭ ಅನ್ನುವ ಸಾಲನ್ನು ಮಾತ್ರ ಕತ್ತರಿಸಿ ಇಟ್ಟುಕೊಂಡದ್ದು ಆಮೇಲಿನ ಪುಸ್ತಕಗಳು.

1941ರಲ್ಲಿ ಸ್ಟೋಲ್ಪರ್ ಮತ್ತು ಸ್ಯಾಮ್ಯುಯೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಗಣಿತದಲ್ಲಿ ತೋರಿಸಿದರು. ಒಂದು ಸರಕಿನ ಬೆಲೆ ಬಿದ್ದರೆ ಅದನ್ನು ಮಾಡಲು ಮುಖ್ಯವಾಗಿ ಬಳಸುವ ಸಾಧನದ (ಭೂಮಿ, ದುಡಿಮೆ, ಬಂಡವಾಳ ಇವುಗಳಲ್ಲಿ ಒಂದರ) ಗಳಿಕೆ ಸರಕಿನ ಬೆಲೆಗಿಂತಲೂ ಜಾಸ್ತಿ ಬೀಳುತ್ತದೆ. ಅಂದರೆ ದೇಶದ ಒಟ್ಟು ಮೊತ್ತ ಏರುತ್ತಿರುವಾಗಲೇ ಒಂದು ಗುಂಪಿನವರು ನಿಜವಾಗಿ ಬಡವರಾಗಬಹುದು. ನಿಮ್ಮ ಮನೆಗೆ ಇನ್ನೊಂದು ಮಾದರಿ ಇನ್ನೂ ಹತ್ತಿರ: ಕೆಲವು ಸಾಧನಗಳು ಒಂದೇ ಕೆಲಸಕ್ಕೆ ಅಂಟಿಕೊಂಡಿರುತ್ತವೆ. ಹುಳದ ಮನೆ, ಸ್ಟ್ಯಾಂಡು, ಚಂದ್ರಿಕೆ, ವರ್ಷಗಟ್ಟಲೆ ಕಡ್ಡಿ ಕಡಿದು ಬೆಳೆಸಿದ ಹಿಪ್ಪುನೇರಳೆ, ಎರಡನೇ ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಬೇಕು ಅಂತ ನೋಡಿದ ಕೂಡಲೇ ಹೇಳುವ ನಿಮ್ಮಪ್ಪನ ಕಣ್ಣು. ಇವನ್ನು ಎತ್ತಿಕೊಂಡು ಹೋಗಿ ಸಾಫ್ಟ್‌ವೇರ್ ಮಾಡಲಾಗುವುದಿಲ್ಲ. ರಿಕಾರ್ಡೋನ ಲೆಕ್ಕದಲ್ಲಿ ವೈನ್ ಬಿಟ್ಟ 120 ಜನ ಮಾರನೆಯ ದಿನವೇ ಬಟ್ಟೆಗೆ ಹೋಗುತ್ತಾರೆ. ನಿಜವಾಗಿ ಅದಕ್ಕೆ ಹತ್ತು ವರ್ಷ ಹಿಡಿಯಬಹುದು, ಒಂದು ತಲೆಮಾರೇ ಹಿಡಿಯಬಹುದು. ಅಮೆರಿಕದಲ್ಲಿ ಚೀನಾದ ಸರಕು ನುಗ್ಗಿದ ಊರುಗಳನ್ನು ಡೇವಿಡ್ ಆಟರ್ ಮತ್ತು ಜೊತೆಗಾರರು 2013ರ ಪ್ರಬಂಧದಲ್ಲಿ ತೋರಿಸಿದ್ದಾರೆ. ಕಾರ್ಖಾನೆ ಕೆಲಸ ಹೋದ ಊರಿನ ಜನ ಹೆಚ್ಚಾಗಿ ಬೇರೆ ಊರಿಗೆ ಹೋಗಲಿಲ್ಲ, ಅಲ್ಲಿ ಕೂಲಿ ಇಳಿಯಿತು. ಅಷ್ಟು ಶ್ರೀಮಂತ ದೇಶದಲ್ಲೇ ಹೀಗಾದರೆ ಚನ್ನಪಟ್ಟಣದಲ್ಲಿ ಆಗುವುದಿಲ್ಲವೇ?

2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ 5ಕ್ಕೆ ಇಳಿಯಿತು. ಇಳಿಸಿ ಅಂತ ಕೇಳಿದವರು ನೇಕಾರರು. ಅವರ ಮಾತಿನಲ್ಲೂ ನ್ಯಾಯ ಇತ್ತು. ಪವರ್‌ಲೂಮಿನ ಹಾಸಿಗೆ, ಅಂದರೆ ಉದ್ದದ ಎಳೆಗೆ, ನೂಲು ಒಂದೇ ಸಮನಾಗಿ, ಕಡಿಯದೆ ಬರಬೇಕು. ಚೀನಾದ ದ್ವಿತಳಿ ನೂಲು ಹಾಗೆ ಬರುತ್ತದೆ. ನಮ್ಮ ಮಿಶ್ರತಳಿ (ನಾಡಿನ ಹುಳಕ್ಕೆ ದ್ವಿತಳಿ ಬೆರೆಸಿದ) ನೂಲು ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಸಾಕು, ಹಾಸಿಗೆ ಕಷ್ಟ. ಸುಂಕ ಇಳಿದಾಗ ಸೀರೆ ನೇಯುವವರಿಗೆ ಉಸಿರು ಬಂತು, ಸೀರೆ ಕೊಳ್ಳುವವರಿಗೂ ಸ್ವಲ್ಪ ಸಿಕ್ಕಿತು. ಗೂಡು ಬೆಳೆದವರ ಕೈಯಿಂದ ಹೋಯಿತು. 2013ರಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸಿದರು. ದೊಡ್ಡಬಳ್ಳಾಪುರದ ಮಗ್ಗದವರು ಮತ್ತು ನಿಮ್ಮಪ್ಪ ಒಂದೇ ದಾರದ ಎರಡು ತುದಿ. ಒಬ್ಬರ ಬೆಲೆ ಇನ್ನೊಬ್ಬರ ಖರ್ಚು. ಸಿದ್ಧಾಂತ ಹೇಳುವುದು ಇಷ್ಟೇ: ಗೆದ್ದವರ ಲಾಭವನ್ನೆಲ್ಲ ಕೂಡಿಸಿದರೆ ಸೋತವರ ನಷ್ಟಕ್ಕಿಂತ ದೊಡ್ಡದು, ಹಾಗಾಗಿ ಗೆದ್ದವರು ಸೋತವರಿಗೆ ತುಂಬಿಕೊಟ್ಟೂ ಮಿಗುತ್ತದೆ. ತುಂಬಿಕೊಡಬಹುದು ಅನ್ನುವುದು ಒಂದು ಮಾತು, ಕೊಟ್ಟರು ಅನ್ನುವುದು ಇನ್ನೊಂದು. ಅಮೆರಿಕ 1962ರಲ್ಲಿ ಆಮದಿನಿಂದ ಕೆಲಸ ಕಳೆದುಕೊಂಡವರಿಗಾಗಿ ಒಂದು ಯೋಜನೆ ತಂದಿತ್ತು, ಅಗತ್ಯಕ್ಕೆ ಹೋಲಿಸಿದರೆ ಅದು ಚಿಕ್ಕದಾಗಿತ್ತು. ನಿಮ್ಮಪ್ಪ ತೋಟ ಕಿತ್ತಾಗ ಅವರಿಗೆ ಯಾರೂ ತುಂಬಿಕೊಡಲಿಲ್ಲ ಅಂತ ನಿಮ್ಮ ಪತ್ರದಿಂದ ನನಗೆ ಅನಿಸುತ್ತದೆ. ಅದು ಅನ್ಯಾಯ. ಆ ಅನ್ಯಾಯವನ್ನು ಸಿದ್ಧಾಂತದ ಹೆಸರಿನಲ್ಲಿ ಸರಿ ಅನ್ನುವವರು ಸಿದ್ಧಾಂತವನ್ನು ಅರ್ಧ ಓದಿದ್ದಾರೆ.

ಹಾಗಾದರೆ ಸುಂಕ ಹಾಕಿ ಬಾಗಿಲು ಮುಚ್ಚಬೇಕಾ? ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ರಿಕಾರ್ಡೋನ ಪೋರ್ಚುಗಲ್‌ನ ನಿಜವಾದ ಇತಿಹಾಸ ನೋಡಿದರೆ ಸಿದ್ಧಾಂತದ ಇನ್ನೊಂದು ಸಡಿಲ ಜಾಗ ಕಾಣುತ್ತದೆ. 1703ರಲ್ಲೇ ಇಂಗ್ಲೆಂಡಿಗೂ ಪೋರ್ಚುಗಲ್‌ಗೂ ಮೆಥುಯೆನ್ ಒಪ್ಪಂದ ಆಗಿತ್ತು. ಪೋರ್ಚುಗಲ್ ಇಂಗ್ಲೆಂಡಿನ ಉಣ್ಣೆ ಬಟ್ಟೆಯನ್ನು ಒಳಗೆ ಬಿಡಬೇಕು, ಇಂಗ್ಲೆಂಡು ಪೋರ್ಚುಗಲ್ ವೈನಿಗೆ ಫ್ರೆಂಚ್ ವೈನಿಗಿಂತ ಮೂರನೇ ಒಂದು ಭಾಗ ಕಮ್ಮಿ ಸುಂಕ ಹಾಕಬೇಕು. ಒಂದು ದೇಶ ವೈನಿಗೆ ಅಂಟಿಕೊಂಡಿತು, ಇನ್ನೊಂದು ಬಟ್ಟೆಗೆ. ಮುಂದಿನ ನೂರು ವರ್ಷದಲ್ಲಿ ಬಟ್ಟೆಯ ಜೊತೆಗೇ ನೂಲುವ ಯಂತ್ರ, ಉಗಿ ಯಂತ್ರ ಎಲ್ಲ ಬೆಳೆದವು. ವೈನಿನ ಜೊತೆ ಅಂಥದ್ದು ಬೆಳೆಯಲಿಲ್ಲ. ಇವತ್ತಿನ ಲಾಭದ ಲೆಕ್ಕ ನಾಳೆ ಏನು ಕಲಿಯುತ್ತೇವೆ ಅನ್ನೋದನ್ನು ಹೇಳುವುದಿಲ್ಲ. ಹಾಗಾಗಿಯೇ ಅಮೆರಿಕದ ಹ್ಯಾಮಿಲ್ಟನ್ 1791ರಲ್ಲಿ, ಜರ್ಮನಿಯ ಫ್ರೆಡ್ರಿಕ್ ಲಿಸ್ಟ್ 1841ರಲ್ಲಿ, ಎಳೆಯ ಉದ್ಯಮಕ್ಕೆ ಕಾಲೂರುವ ತನಕ ಆಸರೆ ಬೇಕು ಅಂದರು.

ಮೈಸೂರು ರೇಷ್ಮೆಗೂ ಆಸರೆ ಸಿಕ್ಕಿದೆ. 1912ರಲ್ಲಿ ಮಹಾರಾಜರ ಸರ್ಕಾರ ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಶುರು ಮಾಡಿತು. 1930ರ ದಶಕದಲ್ಲಿ ಜಪಾನು, ಚೀನಾದ ಅಗ್ಗದ ರೇಷ್ಮೆ ನುಗ್ಗಿದಾಗ ರಕ್ಷಣಾ ಸುಂಕ ಬಂತು. ಆಸರೆ ತಪ್ಪು ಅಂತ ನಾನು ಹೇಳುವುದಿಲ್ಲ. ಆಸರೆ ಇರುವಾಗ ಏನು ಮಾಡಿದೆವು ಅಂತ ಕೇಳಬೇಕು. ಮಿಶ್ರತಳಿ ಗೂಡಾದರೆ ಒಂದು ಕೆಜಿ ನೂಲಿಗೆ ಏಳೆಂಟು ಕೆಜಿ ಗೂಡು ಬೇಕು, ಒಳ್ಳೆಯ ದ್ವಿತಳಿಗೆ ಆರು, ಆರೂವರೆ ಸಾಕು. ಸುಂಕ ಶೇ 30 ಇದ್ದ ವರ್ಷಗಳಲ್ಲಿ ದ್ವಿತಳಿ ಇನ್ನೂ ಬೇಗ ಹರಡಿದ್ದರೆ, ಗೂಡಿನಿಂದ ನೂಲು ತೆಗೆಯುವ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಗಳು ಇನ್ನೂ ಬೇಗ ಬಂದಿದ್ದರೆ, 2011ರ ಹೊಡೆತ ಅಷ್ಟು ಜೋರಾಗಿ ಬೀಳುತ್ತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಮತ್ತೆ ಶೇ 30ರಿಂದ 5ಕ್ಕೆ ಒಂದೇ ಏಟಿಗೆ ಇಳಿಸಬಾರದಿತ್ತು. ಐದಾರು ವರ್ಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತೇವೆ ಅಂತ ಮೊದಲೇ ಹೇಳಿದ್ದರೆ ನಿಮ್ಮಪ್ಪ ತೋಟ ಕೀಳಬೇಕೋ ಬೇಡವೋ ಅಂತ ಯೋಚಿಸಲು ಸಮಯ ಸಿಗುತ್ತಿತ್ತು.

ಪರೀಕ್ಷೆಯಲ್ಲಿ "ಎರಡೂ ದೇಶಗಳಿಗೆ ಲಾಭ" ಅಂತ ಬರೆಯಿರಿ, ಅದು ಸರಿ. ಅದರ ಕೆಳಗೆ "ದೇಶದೊಳಗಿನ ಪ್ರತಿಯೊಬ್ಬರಿಗೂ ಅಂತ ಅಲ್ಲ" ಅಂತ ಸ್ಟೋಲ್ಪರ್-ಸ್ಯಾಮ್ಯುಯೆಲ್ಸನ್ ಹೆಸರು ಹಾಕಿ ಬರೆಯಿರಿ.

ಉಳಿದ ಅರ್ಧ ತೋಟವನ್ನು ಇಟ್ಟುಕೊಳ್ಳಬೇಕಾ ಅಂತ ನೀವು ಕೇಳಿಲ್ಲ. ಆದರೆ ಮನೆಯಲ್ಲಿ ಆ ಮಾತು ಬಂದೇ ಬರುತ್ತದೆ. ಆಗ ಚೀನಾದ ನೂಲಿನ ಬೆಲೆ ನೋಡಿ ತೀರ್ಮಾನ ಮಾಡಬೇಡಿ. ಅಪ್ಪನ ಜೊತೆ ಕೂತು ಒಂದು ಹಾಳೆಯಲ್ಲಿ ಎರಡು ಲೆಕ್ಕ ಬರೆಯಿರಿ. ಕಳೆದ ವರ್ಷದ ಎಲ್ಲ ಬೆಳೆ ಸೇರಿಸಿ 100 ಮೊಟ್ಟೆಗೆ (ಇಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ) ಎಷ್ಟು ಕೆಜಿ ಗೂಡು ಬಂತು, ಸರಾಸರಿ ಏನು ಬೆಲೆ ಸಿಕ್ಕಿತು, ಮೊಟ್ಟೆ, ಗೊಬ್ಬರ, ಕೂಲಿ ಎಲ್ಲ ಕಳೆದು ಎಷ್ಟು ಉಳಿಯಿತು, ಅದು ಒಂದು. ಅದೇ ಬೋರಿನ ನೀರಲ್ಲಿ, ಅದೇ ಜಮೀನಲ್ಲಿ, ಕಿತ್ತ ಅರ್ಧಕ್ಕೆ ಹಾಕಿದ ಬೆಳೆ ಎಷ್ಟು ಉಳಿಸಿತು, ಅದು ಎರಡು. ಅಮ್ಮನ ದುಡಿಮೆಯ ಗಂಟೆಗಳನ್ನೂ ಬರೆಯುವುದು ಮರೆಯಬೇಡಿ, ಅವನ್ನು ಯಾರೂ ಬರೆಯುವುದಿಲ್ಲ. ಆ ಹಾಳೆ ತಯಾರಾದರೆ ನನಗೂ ಒಂದು ಪ್ರತಿ ಕಳಿಸಿ.